ಹಾರಿದ ಮೀನಿನ ತಪ್ಪೇನು?

ನಮ್ಮ ನೆಲ್ಯಾಡಿಯ ಕಡೆ ಅಡಿಕೆ ತೋಟದ ಕಣಿಗಳಲ್ಲಿ, ನೀರಿನ ಮೇಲ್ಮೈಗೆ ಬೆನ್ನು ತಾಗಿಸಿಕೊಂಡೇ ಸುಳಿದಾಡುವ ಒಂದು ಸಣ್ಣ ಮೀನನ್ನು ಕಾಣದವರು ಕಡಿಮೆ. ಬೆರಳುದ್ದದ ಮೈ, ಅದರ ಮೇಲೆ ಹೊಳೆಯುವ ಚುಕ್ಕೆಗಳ ಸಾಲು, ನೆತ್ತಿಯಲ್ಲೊಂದು ಬೆಳ್ಳಿಯ ಬೊಟ್ಟು. ಕಳೆದ ಮಳೆಗಾಲದಲ್ಲಿ ನೆರೆಮನೆಯ ಹುಡುಗಿಯೊಬ್ಬಳು ಅಂಥ ನಾಲ್ಕು ಮೀನುಗಳನ್ನು ಬೈರಾಸಿನಲ್ಲಿ ಹಿಡಿದು, ಹೊಸದಾಗಿ ಕೊಂಡು ತಂದ ಗಾಜಿನ ತೊಟ್ಟಿಯಲ್ಲಿ ಬಿಟ್ಟಳು. ಬೆಳಗಾಗುವಾಗ ಮೂರೇ ಉಳಿದಿದ್ದವು. ನಾಲ್ಕನೆಯದು ಮೇಜಿನ ಕೆಳಗೆ ಒಣಗಿ ಬಿದ್ದಿತ್ತು, ಇರುವೆ ಮುತ್ತಿತ್ತು. ಅವಳು ನನ್ನಲ್ಲಿಗೆ ಬಂದು, “ಮಾಷ್ಟ್ರೇ, ತಿನ್ನಲಿಕ್ಕೆ ಹಾಕಿದ್ದೆ, ನೀರನ್ನೂ ಬಾಯಿವರೆಗೆ ತುಂಬಿಸಿದ್ದೆ. ಅದಕ್ಕೆ ಏನು ಕಡಿಮೆಯಾಯಿತು?” ಎಂದು ಕೇಳಿದಳು. ಅದರ ಆಯುಷ್ಯವೇ ಅಷ್ಟು ಎಂದು ಅವಳ ಅಜ್ಜ ಸಮಾಧಾನ ಹೇಳಿದ್ದರಂತೆ.

ಆಯುಷ್ಯದ ಮಾತಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಮೀನು ಸಾಕುವವರಲ್ಲಿ ಅನೇಕರು ಹಾರಿ ಸತ್ತ ಮೀನನ್ನು ಮೂರ್ಖನೆನ್ನುತ್ತಾರೆ. ಕೆಲವರು ಆತ್ಮಹತ್ಯೆ ಎಂದು ನಗೆಯಾಡುವುದೂ ಉಂಟು. ಎರಡೂ ಅನ್ಯಾಯದ ಮಾತುಗಳೇ. ಹಾರುವುದು ಮೀನಿನ ಬದುಕಿನ ಒಂದು ವಿದ್ಯೆ. ದೊಡ್ಡ ಮೀನು ಬೆನ್ನಟ್ಟಿದಾಗ ಅದು ಹಾರುತ್ತದೆ. ನೀರಿನ ಮೇಲೆ ಸುಳಿಯುವ ಹುಳಕ್ಕಾಗಿ ಹಾರುತ್ತದೆ. ಇದ್ದ ನೀರು ಕೆಟ್ಟಾಗ ಬೇರೆ ನೀರನ್ನು ಅರಸಿ ಹಾರುತ್ತದೆ. ತೋಟದ ಕಣಿಯಲ್ಲಿ ಹಾರಿದ ಮೀನು ಮತ್ತೆ ನೀರಿಗೇ ಬೀಳುತ್ತದೆ. ಸಿಮೆಂಟಿನ ನೆಲವೆಂಬುದೊಂದು ಇದೆಯೆಂದು ಅದಕ್ಕೆ ಕಲಿಸಿಕೊಟ್ಟವರು ಯಾರು?

ನಮ್ಮ ಸೀಮೆಯವರಿಗಂತೂ ಇದು ಹೊಸ ಸಂಗತಿಯಾಗಬಾರದು. ಮುಂಗಾರಿನ ಮೊದಲ ಮಳೆಗಳು ಸುರಿದು ತೋಡುಗಳು ಕೆಂಪಾಗಿ ಹರಿಯತೊಡಗಿದ ಕೂಡಲೆ ಮೀನುಗಳು ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಮೇಲಿನ ಗದ್ದೆಗೆ ನೀರಿಗೆದುರಾಗಿ ಹತ್ತುವುದನ್ನು ನಾವು ಕಂಡವರು. ಮೊಟ್ಟೆಯಿಡುವ ತಾಣವನ್ನು ಹುಡುಕುತ್ತ ಅವು ಅಂಚುಕಟ್ಟುಗಳನ್ನೇ ಹಾರಿ ದಾಟುತ್ತವೆ. ಮುಗುಡು, ಮಡೆಂಜಿಗಳು ಗಾಳಿಯನ್ನೂ ಉಸಿರಾಡಬಲ್ಲವಾದುದರಿಂದ ಒದ್ದೆ ನೆಲದ ಮೇಲೆ ಒಂದಿಷ್ಟು ದೂರ ಸಾಗಿಯಾವು. 1791ರಲ್ಲಿ ಡಾಲ್ಡಾರ್ಫ್ ಎಂಬ ಡೇನಿಷ್ ಅಧಿಕಾರಿ, ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ತಾಳೆಮರದ ತೊಗಟೆಯ ಬಿರುಕಿನಲ್ಲಿ ಒಂದು ಮೀನನ್ನು ಹಿಡಿದೆನೆಂದು ವರದಿ ಮಾಡಿದ್ದನು. ಮರ ಹತ್ತಿದ ಮಾತನ್ನು ನಂಬುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು. ಮೀನು ತನ್ನ ನೀರಿನ ಎಲ್ಲೆಯೊಳಗೇ ತೃಪ್ತವಾಗಿರುವ ಪ್ರಾಣಿಯಲ್ಲವೆಂಬುದಂತೂ ದಿಟ.

ಪೇಟೆಯ ಅಂಗಡಿಗಳಲ್ಲಿ ‘ಮಿಸ್ ಕೇರಳ’ ಎಂಬ ಹೆಸರಿನಿಂದ ಮಾರಾಟವಾಗುವ ಸುಂದರ ಮೀನನ್ನು ನೋಡಿ. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಹೊರಟ ಕೆಂಪು ಗೆರೆ. ಇದು ನಮ್ಮ ಪಶ್ಚಿಮ ಘಟ್ಟದ ತೊರೆಗಳದೇ ಮಗು. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಮೊದಲು ವರ್ಣಿಸಿ, ಅಂದಿನ ಮದರಾಸು ಗವರ್ನರ್ ಡೆನಿಸನ್ನನ ಹೆಸರನ್ನಿಟ್ಟನು; ನಮ್ಮ ಜಿಲ್ಲೆಯೂ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. 1997ರಲ್ಲಿ ಸಿಂಗಾಪುರದ ಮೀನು ಪ್ರದರ್ಶನದಲ್ಲಿ ಬಹುಮಾನ ಬಂದ ಮೇಲೆ ವಿದೇಶಗಳಿಂದ ಬೇಡಿಕೆ ಹೆಚ್ಚಿತು. ತೊರೆಗಳಿಂದ ಹಿಡಿದು ಹಿಡಿದು, ಇಂದು ಅದು ವಿನಾಶದ ಅಂಚಿಗೆ ಸರಿದ ಜೀವಿಗಳ ಪಟ್ಟಿಯಲ್ಲಿದೆ. ಬಂಡೆಗಳ ನಡುವೆ ಧುಮ್ಮಿಕ್ಕುವ ನೀರಿನಲ್ಲಿ ಗುಂಪುಗೂಡಿ ಈಜುವ ಈ ಮೀನನ್ನು ಒಂದೆರಡು ಅಡಿಯ ಗಾಜಿನಲ್ಲಿ ಒಂಟಿಯಾಗಿಟ್ಟರೆ ಅದು ಹಾರದೆ ಇನ್ನೇನು ಮಾಡೀತು?

ಹಾಗಾದರೆ ಸಾಕುವವನು ಮಾಡಬೇಕಾದುದೇನು? ತೊಟ್ಟಿಗೆ ಮುಚ್ಚಳವಿರಲಿ, ಇದರಲ್ಲಿ ರಿಯಾಯಿತಿಯಿಲ್ಲ. ಗಾಜಿನ ಹಲಗೆಯಾದರೆ ಗಾಳಿಗೆ ಸ್ವಲ್ಪ ಎಡೆಯಿರಬೇಕು; ಚೌಕಟ್ಟಿಗೆ ಬಿಗಿದ ಸಣ್ಣ ಕಣ್ಣಿನ ಬಲೆಯಾದರೆ ಇನ್ನೂ ಒಳ್ಳೆಯದು. ಗಾಳಿಯ ಕೊಳವೆಗಾಗಿ ಬಿಟ್ಟ ಸಂದಿಯನ್ನು ಮರೆಯಬಾರದು. ಸಣ್ಣ ಮೀನಿಗೆ ಅಷ್ಟೇ ಸಾಕು. ನೀರು ಅಂಚಿಗಿಂತ ನಾಲ್ಕು ಬೆರಳಾದರೂ ಕೆಳಗಿರಲಿ. ಆ ಹುಡುಗಿ ಪ್ರೀತಿಯಿಂದ ಬಾಯಿವರೆಗೆ ತುಂಬಿಸಿದ ನೀರೇ ಮೀನಿಗೆ ಮೆಟ್ಟಿಲಾಗಿತ್ತು. ಮೇಲೆ ತೇಲುವ ಒಂದಿಷ್ಟು ಗಿಡವಿದ್ದರೆ ಮೀನಿಗೆ ಮರೆ ಸಿಗುತ್ತದೆ. ಹೊಸ ಮೀನು ಮೊದಲ ರಾತ್ರಿಗಳಲ್ಲಿ ಬೆದರಿರುತ್ತದೆ. ದೀಪವನ್ನು ತಟ್ಟನೆ ಹಾಕಿ ಆರಿಸಿ ಅದನ್ನು ಇನ್ನಷ್ಟು ಬೆದರಿಸಬಾರದು. ನೆಲಕ್ಕೆ ಬಿದ್ದ ಮೀನಿನ ಕಿವಿರು ಇನ್ನೂ ಆಡುತ್ತಿದ್ದರೆ, ಒದ್ದೆ ಕೈಯಿಂದ ಎತ್ತಿ ನೀರಿಗೆ ಬಿಟ್ಟರೆ ಬದುಕಿಕೊಳ್ಳುವುದುಂಟು.

ಆದರೆ ಮುಚ್ಚಳ ಹಾಕಿದಲ್ಲಿಗೆ ಕರ್ತವ್ಯ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಹೆಚ್ಚಾಗಿ ಹಾಕಿದ ಆಹಾರ ಕೊಳೆತರೆ ನೀರಿನಲ್ಲಿ ಅಮೋನಿಯ ಸೇರಿ ಕಿವಿರು ಉರಿಯುತ್ತದೆ. ಹೊಸ ತೊಟ್ಟಿಯಲ್ಲಿ ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಯೂರಲು ಹಲವು ವಾರಗಳು ಬೇಕು. ಬಿಸಿಯೇರಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಇಕ್ಕಟ್ಟಿನಲ್ಲಿ ಬಲ್ಲಿದ ಮೀನು ಬಡಮೀನನ್ನು ಅಟ್ಟಾಡಿಸುತ್ತದೆ. ಇವನ್ನೆಲ್ಲ ತಿದ್ದದೆ ಮುಚ್ಚಳವನ್ನಷ್ಟೇ ಬಿಗಿದವನು ಮೀನಿನ ಪ್ರಾಣವನ್ನು ಉಳಿಸಿದನೆನ್ನಬಹುದೇ ಹೊರತು ಅದರ ಅಹವಾಲನ್ನು ಕೇಳಿದನೆನ್ನಲಾಗದು. ಮುಚ್ಚಳಕ್ಕೆ ಮೀನು ಬಡಿಯುವ ಸದ್ದು ಪದೇ ಪದೇ ಕೇಳಿಸಿದರೆ, ಮೊದಲು ನೀರನ್ನು ಪರೀಕ್ಷಿಸಬೇಕು. ಬಳಿಕ ಜೊತೆಗಾರರನ್ನು ನೋಡಬೇಕು. ಕೊನೆಗೆ, ಈ ಜಾತಿಯ ಮೀನು ತೊಟ್ಟಿಗೆ ತಕ್ಕುದೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಗಾಜಿಲ್ಲದೆಯೂ ಮೀನನ್ನು ನೋಡಿ ನಲಿಯುವ ದಾರಿಯೊಂದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕೊಕ್ಕಡದಾಚೆ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದೆ ಹರಿಯುವ ಕಪಿಲೆಯಲ್ಲಿ ತೋಳುದ್ದದ ಮಹಶೀರ್ ಮೀನುಗಳು ದೇವರ ಮೀನುಗಳೆನಿಸಿ ನಿರ್ಭಯವಾಗಿ ತಿರುಗುತ್ತವೆ. ಅವುಗಳಿಗೆ ಮುಚ್ಚಳವಿಲ್ಲ, ಗೋಡೆಯಿಲ್ಲ; ಇಲ್ಲಿ ಹಿಡಿಯಬಾರದೆಂಬ ಜನರ ಕಟ್ಟುಪಾಡೇ ಕಾವಲು.

ಹುಡುಗಿಗೆ ಇದನ್ನೆಲ್ಲ ನಾನು ಉಪನ್ಯಾಸ ಮಾಡಲಿಲ್ಲ. ಬಲೆಯ ಮುಚ್ಚಳವೊಂದನ್ನು ಮಾಡಿಕೊಟ್ಟು, ಸದ್ದಿಗೆ ಕಿವಿಗೊಡು ಎಂದಷ್ಟೇ ಹೇಳಿದೆ. ವಾರ ಕಳೆದು ಒಂದು ಸಂಜೆ ಜಡಿಮಳೆಯಲ್ಲಿ ಅವಳು ಕೊಡೆ ಹಿಡಿದು ನಮ್ಮ ಅಂಗಳದಲ್ಲಿ ಹಾದುಹೋಗುತ್ತಿದ್ದಳು. ಕೈಯಲ್ಲಿ ನೀರು ತುಂಬಿದ ಚೆಂಬು. ಎಲ್ಲಿಗೆ ಎಂದು ಕೇಳಿದೆ. “ಕಣಿಗೆ, ಮಾಷ್ಟ್ರೇ,” ಎಂದಳು, “ಮಳೆ ಬಂದರೆ ಮೂರೂ ನಿಲ್ಲುವುದೇ ಇಲ್ಲ.”