ಅಫೀಮಿನ ವ್ಯಸನದಿಂದ ಹೊರಬಂದ ಹಿರಿಯರ ದೇಹಾರೋಗ್ಯ

ವ್ಯಸನಮುಕ್ತಿಯ ಮಾತು ಬಂದಾಗ ನಮ್ಮ ಭಕ್ತರಿಗೆ ಮೊದಲು ನೆನಪಾಗುವವರು ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು. ಊರೂರು ಸುತ್ತಿ, ಜೋಳಿಗೆ ಹಿಡಿದು, ಕಾಣಿಕೆಯ ಬದಲಿಗೆ ಜನರ ದುಶ್ಚಟಗಳನ್ನೇ ಬೇಡಿದ ಮಹನೀಯರು ಅವರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತಿದೆ. ಆ ಪುಣ್ಯಕಾರ್ಯವನ್ನು ನೆನೆದೇ ನಾವು ಇಂದು ಒಂದು ಸೂಕ್ಷ್ಮ ವಿಷಯವನ್ನು ಭಕ್ತರ ಮುಂದಿಡಬಯಸುತ್ತೇವೆ. ಅಫೀಮು ಹಾಗೂ ಅದೇ ವರ್ಗದ ಪದಾರ್ಥಗಳ ವ್ಯಸನಕ್ಕೆ ಸಿಲುಕಿ, ಚಿಕಿತ್ಸೆ ಪಡೆಯುತ್ತಲೇ ವೃದ್ಧಾಪ್ಯಕ್ಕೆ ಕಾಲಿಟ್ಟವರ ದೇಹಾರೋಗ್ಯವೇ ಆ ವಿಷಯ.

ಇದು ಪಂಜಾಬು, ರಾಜಸ್ಥಾನಗಳ ಮಾತು, ನಮಗೇಕೆ ಎನ್ನುವವರುಂಟು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 2.26 ಕೋಟಿ ಜನರು ಈ ವರ್ಗದ ಪದಾರ್ಥಗಳನ್ನು ಬಳಸುತ್ತಾರೆ. ಇವರಲ್ಲಿ ಅಫೀಮು, ಹೆರಾಯಿನ್ ಬಳಸುವವರಷ್ಟೇ ಅಲ್ಲ, ನೋವಿನ ಮಾತ್ರೆಗಳಿಗೆ ದಾಸರಾದವರೂ ಇದ್ದಾರೆ. ಮಂಡಿನೋವಿಗೆಂದು ಟ್ರಮಡಾಲ್ ಮಾತ್ರೆ ಆರಂಭಿಸಿ, ಕೊನೆಗೆ ಅದಿಲ್ಲದೆ ಹಾಸಿಗೆಯಿಂದ ಏಳಲಾರದಂತಾದ ವೃದ್ಧರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಸರ್ಕಾರವು 2018ರಲ್ಲಿ ಆ ಔಷಧವನ್ನು ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ತಂದದ್ದು ಸುಮ್ಮನೆ ಅಲ್ಲ. ನಮ್ಮ ವೈದ್ಯಪದ್ಧತಿಯೂ ಇದರಿಂದ ಹೊರತಲ್ಲ. ಕಾಮಿನೀವಿದ್ರಾವಣ ರಸದಂತಹ ಗುಳಿಗೆಗಳಲ್ಲಿ ಅಹಿಫೇನ, ಅಂದರೆ ಅಫೀಮೇ ಇರುತ್ತದೆ. ಅದನ್ನು ವೈದ್ಯರ ಸಲಹೆಯಿಲ್ಲದೆ ಶಕ್ತಿಯ ಗುಳಿಗೆಯೆಂದು ನುಂಗಿ ವ್ಯಸನಿಗಳಾದವರಿದ್ದಾರೆ ಎಂಬುದನ್ನು ಆಯುರ್ವೇದದವರಾದ ನಾವೇ ಮೊದಲು ಒಪ್ಪಿಕೊಳ್ಳಬೇಕು.

ನಮ್ಮಲ್ಲಿಗೆ ಬರುವ ಹಿರಿಯರೊಬ್ಬರ ಸಂಗತಿಯನ್ನು ಹೇಳುತ್ತೇವೆ. ಲಾರಿ ಓಡಿಸಿ ಜೀವನ ಸವೆಸಿದವರು. ರಾಜಸ್ಥಾನದ ದಾರಿಯ ಢಾಬಾಗಳಲ್ಲಿ ನಿದ್ದೆ ತಡೆಯಲೆಂದು ಗಸಗಸೆ ಕಾಯಿಯ ಸಿಪ್ಪೆಯ ಪುಡಿಯನ್ನು ಕಲಿತು, ಮುಂದೆ ಅಫೀಮಿಗೆ ಇಳಿದವರು. ಹನ್ನೊಂದು ವರ್ಷಗಳಿಂದ ನಗರದ ಆಸ್ಪತ್ರೆಯೊಂದರಿಂದ ಬ್ಯುಪ್ರೆನಾರ್ಫಿನ್ ಮಾತ್ರೆ ಪಡೆದು, ಅಫೀಮನ್ನು ಮುಟ್ಟದೆ, ಮಕ್ಕಳ ಮದುವೆ ಮಾಡಿ ಮರ್ಯಾದೆಯಿಂದ ಬಾಳಿದ್ದಾರೆ. ಕಳೆದ ವರ್ಷ ಒಂದು ಪ್ರವಚನ ಕೇಳಿ, ಆ ಮಾತ್ರೆಯನ್ನೂ ಬಿಡುವುದಾಗಿ ಮನದಲ್ಲೇ ಸಂಕಲ್ಪ ಮಾಡಿದರು. ಮೂರನೆಯ ದಿನಕ್ಕೆ ಭೇದಿ, ಮೈನಡುಕ, ನಿದ್ರಾನಾಶ. ಮಗ ಅವರನ್ನು ನಮ್ಮಲ್ಲಿಗೆ ಕರೆತಂದಾಗ ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರ್ ಸಾಹೇಬ್ರ, ದಿನಾ ನಾಲಿಗಿ ಕೆಳಗ ಗುಳಿಗಿ ಇಟ್ಕೊಳ್ಳೋದೂ ಚಟಾನ ಅಲ್ಲೇನ್ರಿ? ಲಿಂಗಪೂಜಿಗೆ ಕುಂದ್ರಾಕ ನಾಚಿಕಿ ಬರತೈತ್ರಿ."

ಅಲ್ಲವೆಂದೇ ನಮ್ಮ ಉತ್ತರ. ದಿನವೂ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಯನ್ನು ನಾವು ಚಟಗಾರನೆನ್ನುವುದಿಲ್ಲ. ಬಹುಕಾಲದ ಅಫೀಮಿನಿಂದ ಮಿದುಳಿನ ವ್ಯವಹಾರವೇ ಬದಲಾಗಿರುತ್ತದೆ. ನಿಯಮಿತ ಪ್ರಮಾಣದ ಔಷಧವು ಅಮಲೇರಿಸದೆ ಆ ಬಯಕೆಯನ್ನು ಅಡಗಿಸಿ, ಮನುಷ್ಯನನ್ನು ಸಂಸಾರಕ್ಕೂ ಕಾಯಕಕ್ಕೂ ಹಿಂದಿರುಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಬ್ಯುಪ್ರೆನಾರ್ಫಿನ್ ಹಾಗೂ ಮೆಥಡೋನ್ ಔಷಧಗಳನ್ನು 2005ರಲ್ಲಿಯೇ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದೆ. ಇದ್ದಕ್ಕಿದ್ದಂತೆ ಬಿಟ್ಟವರಲ್ಲಿ ಅನೇಕರು ಮತ್ತೆ ಹಳೆಯ ಪದಾರ್ಥಕ್ಕೆ ಮರಳುತ್ತಾರೆ. ಆ ಹೊತ್ತಿಗೆ ದೇಹದ ತಾಳುವ ಶಕ್ತಿ ಕುಗ್ಗಿರುವುದರಿಂದ, ಹಿಂದೆ ಏನೂ ಮಾಡದಿದ್ದ ಪ್ರಮಾಣವೇ ಉಸಿರಾಟವನ್ನು ನಿಲ್ಲಿಸಿ ಪ್ರಾಣ ತೆಗೆಯಬಹುದು. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಬಿಡದೆ ಪಾದಾಂಶ ಕ್ರಮದಿಂದ, ಹಂತಹಂತವಾಗಿ ಬಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವೂ ಹೇಳುತ್ತದೆ. ಚಟದ ವಿಷಯದಲ್ಲೇ ಇಷ್ಟು ಎಚ್ಚರ ಬೇಕಾದರೆ, ಔಷಧದ ವಿಷಯದಲ್ಲಿ ಎಷ್ಟು ಬೇಕು? ಅದನ್ನು ಇಳಿಸುವುದಿದ್ದರೆ, ಕೊಟ್ಟ ವೈದ್ಯರೇ ನೋಡಿ ನಿರ್ಧರಿಸಬೇಕು.

ಆದರೆ ಔಷಧವೊಂದೇ ಸಾಲದು. ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇವೆ. ಆ ಹಿರಿಯರು ಎಷ್ಟೋ ಬಾರಿ ಮಲಬದ್ಧತೆಗೆಂದು ನಮ್ಮಲ್ಲಿಗೆ ಬಂದಿದ್ದರು. ನಾವು ಚೂರ್ಣ ಕೊಟ್ಟು ಕಳುಹಿಸಿದೆವೇ ಹೊರತು ಬಾಯಿ ತೆರೆಸಿ ಹಲ್ಲು ನೋಡಲಿಲ್ಲ, ರಾತ್ರಿಯ ಉಸಿರಾಟವನ್ನು ವಿಚಾರಿಸಲಿಲ್ಲ, ಬಚ್ಚಲಲ್ಲಿ ಜಾರಿಬಿದ್ದದ್ದನ್ನು ಕೇಳಲಿಲ್ಲ. ವ್ಯಸನ ಬಿಟ್ಟಿದ್ದಾರೆ, ಅಷ್ಟು ಸಾಕು ಎಂದುಕೊಂಡೆವು. ಹೆಚ್ಚಿನ ಮನೆಗಳಲ್ಲಿ ಆಗುವುದೂ ಇದೇ.

ಭಾವಪ್ರಕಾಶವು ಅಹಿಫೇನವನ್ನು ಧಾತುಗಳನ್ನು ಒಣಗಿಸುವ, ಮಲವನ್ನು ಕಟ್ಟುವ, ವಾತಪಿತ್ತಗಳನ್ನು ಹೆಚ್ಚಿಸುವ ದ್ರವ್ಯವೆಂದು ಹೇಳುತ್ತದೆ. ವೃದ್ಧಾಪ್ಯವಂತೂ ಸಹಜವಾಗಿ ವಾತದ ಕಾಲ. ಎರಡೂ ಸೇರಿದಾಗ ಆಗುವುದನ್ನು ಇಂದಿನ ವೈದ್ಯಶಾಸ್ತ್ರವೂ ತನ್ನದೇ ಮಾತಿನಲ್ಲಿ ಹೇಳುತ್ತದೆ. ಈ ವರ್ಗದ ಔಷಧಗಳಿಗೆ ದೇಹ ಒಗ್ಗಿಕೊಂಡರೂ ಕರುಳು ಒಗ್ಗುವುದಿಲ್ಲ, ಮಲಬದ್ಧತೆ ಉಳಿದೇ ಉಳಿಯುತ್ತದೆ. ಬಾಯಿ ಒಣಗಿ ಹಲ್ಲುಗಳು ಹುಳುಕಾಗುತ್ತವೆ. ಪುರುಷ ಹಾರ್ಮೋನು ಕುಗ್ಗಿ ಮಾಂಸಖಂಡಗಳು ಸೊರಗುತ್ತವೆ, ಮೂಳೆಗಳು ಸಡಿಲಾಗುತ್ತವೆ. ನಿದ್ದೆಯಲ್ಲಿ ಉಸಿರು ತಡೆತಡೆದು ಬರುವುದುಂಟು. ಮೆಥಡೋನ್ ಪಡೆಯುವವರಲ್ಲಿ ಹೃದಯದ ಬಡಿತದ ಲಯ ತಪ್ಪುವ ಭಯವಿದೆ. ಹಿಂದೆ ಸೂಜಿ ಚುಚ್ಚಿಕೊಂಡಿದ್ದವರಲ್ಲಿ ಯಕೃತ್ತಿಗೆ ಹೆಪಟೈಟಿಸ್ ಸಿ ಸೋಂಕು ಅಡಗಿರಬಹುದು. ಇಂದು ಅದನ್ನು ಮಾತ್ರೆಗಳಿಂದಲೇ ಗುಣಪಡಿಸಬಹುದು, ಆದರೆ ಮೊದಲು ರಕ್ತಪರೀಕ್ಷೆಯಾಗಬೇಕು. ಅಫೀಮು ಬಿಟ್ಟರೂ ಬೀಡಿ ಬಿಡದವರ ಶ್ವಾಸಕೋಶದ ಸ್ಥಿತಿಯನ್ನು ಹೇಳಬೇಕಾಗಿಯೇ ಇಲ್ಲ.

ಮನೆಯವರು ಮಾಡಬಹುದಾದದ್ದು ಬಹಳವಿದೆ. ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಯಕೃತ್ತು, ಹಲ್ಲು, ಕಣ್ಣು ಹಾಗೂ ಮೂಳೆಗಳ ತಪಾಸಣೆ ಮಾಡಿಸಬೇಕು. ಮೆಥಡೋನ್ ಪಡೆಯುವವರಾದರೆ ಇಸಿಜಿಯನ್ನೂ ಮಾಡಿಸಬೇಕು. ನಾಲಿಗೆಯ ಕೆಳಗಿನ ಮಾತ್ರೆ ಪೂರ್ಣ ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು, ಹಲ್ಲುಜ್ಜಲು ಒಂದು ಗಂಟೆಯಾದರೂ ಕಾಯಬೇಕು. ಮಲಬದ್ಧತೆಗೆ ಅನೇಕರು ಈಸಬಗೋಲನ್ನು ತಾವೇ ತಂದು ಕೊಡುತ್ತಾರೆ. ಕರುಳಿನ ಚಲನೆಯೇ ಮಂದವಾಗಿರುವಾಗ, ನೀರು ಸಾಲದೆ ಹೋದರೆ ಅದು ಒಳಗೆ ಕಟ್ಟಿಕೊಂಡು ಅಪಾಯ ತರಬಹುದು. ಬಿಸಿನೀರು, ತುಪ್ಪ ಬೆರೆಸಿದ ಮೆತ್ತನೆಯ ಊಟ, ಸೊಪ್ಪು, ಮುಂಜಾನೆಯ ನಡಿಗೆ ಇವು ಮೊದಲು. ತ್ರಿಫಲೆಯನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. ರಾಗಿ, ಎಳ್ಳು, ಹಾಲು ಮೂಳೆಗಳಿಗೆ ಹಿತ. ನಿದ್ದೆಯ ಮಾತ್ರೆ ಮತ್ತು ಮದ್ಯ ಈ ಔಷಧಗಳೊಡನೆ ಸೇರಿದರೆ ಉಸಿರಿಗೇ ಕುತ್ತು. ಹೆಸರು ತಿಳಿಯದ ಗುಳಿಗೆ, ಪುಡಿಗಳನ್ನು ಯಾರು ಕೊಟ್ಟರೂ, ಆಯುರ್ವೇದದ ಹೆಸರಿನಲ್ಲಿ ಕೊಟ್ಟರೂ, ಕೊಡಬೇಡಿ. ಬೇರೆ ಕಾಯಿಲೆಗೆ ಯಾವ ವೈದ್ಯರಲ್ಲಿಗೆ ಹೋದರೂ ಈ ಔಷಧದ ವಿಷಯವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟದ್ದರಿಂದಲೇ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತೊಂದರೆಗಳಾಗುತ್ತವೆ.

ಮುಚ್ಚಿಡುವುದಕ್ಕೆ ಕಾರಣ ನಾಚಿಕೆ. ಆ ನಾಚಿಕೆಯನ್ನು ಕೊಟ್ಟವರು ನಾವೆಲ್ಲರೂ. ದುಶ್ಚಟವನ್ನು ಬೇಡುವ ಜೋಳಿಗೆ ದೊಡ್ಡದು. ಆದರೆ ವೈದ್ಯರು ಕೊಟ್ಟ ಔಷಧವನ್ನು ಅದರಲ್ಲಿ ಹಾಕಬೇಕಾಗಿಲ್ಲ ಎಂಬ ಮಾತನ್ನು ಮಠದ ವೇದಿಕೆಯಿಂದಲೇ ಹೇಳಿದರೆ ಅನೇಕರ ಜೀವ ಉಳಿದೀತು. ಜಾತ್ರೆಯ ಸಮಯದಲ್ಲಿ ನಡೆಯುವ ಉಚಿತ ತಪಾಸಣಾ ಶಿಬಿರಗಳಲ್ಲಿ ಇಂತಹ ಹಿರಿಯರು ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಲು ಒಂದು ಕೋಣೆಯನ್ನು ಮೀಸಲಿಡಬೇಕೆಂದು ಶ್ರೀಮಠದಲ್ಲಿ ನಾವು ವಿನಂತಿಸಿಕೊಳ್ಳುತ್ತೇವೆ. ಶರಣರು ಕಾಯವನ್ನು ಪ್ರಸಾದವೆಂದು ಕಂಡವರು. ಒಮ್ಮೆ ಕೆಟ್ಟ ಕಾಯ ಪ್ರಸಾದವಾಗದು ಎಂದು ಅವರು ಯಾರನ್ನೂ ಹೊರಗಿಟ್ಟವರಲ್ಲ.

ಆ ಹಿರಿಯರು ತಮ್ಮ ಆಸ್ಪತ್ರೆಗೆ ಮರಳಿ ಹೋಗಿ ಮಾತ್ರೆಯನ್ನು ಮತ್ತೆ ಆರಂಭಿಸಿದರು. ಹುಳುಕಾದ ನಾಲ್ಕು ಹಲ್ಲುಗಳನ್ನು ತೆಗೆಸಿ, ಮೂಳೆಗಳಿಗೆ ಚಿಕಿತ್ಸೆ ಪಡೆಯುತ್ತಿದ್ದಾರೆ. ಪ್ರತಿ ಸೋಮವಾರ ದಾಸೋಹದಲ್ಲಿ ರೊಟ್ಟಿ ಬಡಿಸುವ ಸೇವೆಗೆ ನಿಂತಿರುತ್ತಾರೆ. ಎದುರಾದರೆ ಶರಣು ಎನ್ನಿ, ಆರೋಗ್ಯ ವಿಚಾರಿಸಿ. ಮಾತ್ರೆ ಯಾವಾಗ ಬಿಡುತ್ತೀರಿ ಎಂದು ಮಾತ್ರ ಕೇಳಬೇಡಿ.