ಸವಳು ನೀರೂ ಕೇಶರಕ್ಷಣೆಯೂ

ದುಬಾರಿ ತೈಲಕ್ಕೆ ಹಣ ತೆರುವ ಮುನ್ನ ಮನೆಯ ನೀರನ್ನು ಗಮನಿಸಿರೆಂದು ಸಹೋದರಿಯರಲ್ಲಿ ನಮ್ಮ ವಿನಂತಿ. ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ಬೋರಿನ ಸವಳು ನೀರು ಬಳಸುವ ಮನೆಗಳು ಅನೇಕ. ಆ ನೀರಿನ ಸುಣ್ಣದಂಶವು ಸಾಬೂನಿನೊಡನೆ ಕೂಡಿ ಕೂದಲಿಗೆ ಅಂಟುತ್ತದೆ. ಕೂದಲು ಒರಟಾಗಿ ತುಂಡಾಗುತ್ತದೆ. ಸೀಗೆಪುಡಿಯಾಗಲಿ ಶಾಂಪೂವಾಗಲಿ ಹಾಗೆ ಅಂಟದು.

ತಲೆಸ್ನಾನದ ಹಿಂದಿನ ರಾತ್ರಿ ಒಂದು ಚಮಚ ಕೊಬ್ಬರಿ ಎಣ್ಣೆ ಹಚ್ಚಿರಿ. ಅದು ಕೂದಲಿನ ಪ್ರೋಟೀನು ಸೋರುವುದನ್ನು ತಗ್ಗಿಸುತ್ತದೆಂದು 2003ರ ಸಂಶೋಧನೆಯೊಂದು ತೋರಿಸಿದೆ. ಕಡೆಯ ತಂಬಿಗೆಗೆ ಹೊಳೆಯ ನೀರೋ ಮಳೆನೀರೋ ಇರಲಿ. ನಿತ್ಯವೂ ಅಗಲ ಹಲ್ಲಿನ ಹಣಿಗೆಯಿಂದ ಬಾಚಿರಿ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆಯಾದ ಕೆಲ ತಿಂಗಳಿಗೆ ಸೊಸೆಯ ಕೂದಲು ಉದುರಿದರೆ ಆಕೆಯನ್ನು ದೂರಬಾರದು. ಅದು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ನೆತ್ತಿ ಬರಿದಾಗತೊಡಗಿದರೆ ವೈದ್ಯರನ್ನು ಕಾಣುವುದೇ ಲೇಸು.