ಪರದೆಯ ವಡೆ, ಟೆರೇಸಿನ ತಂತಿ

ನಮ್ಮ ಸಂಘದ ಇಂಜಿನಿಯರಿಂಗ್ ಮಿತ್ರರಿಗೆ ಈ ಮಾತು ತುಸು ಖಾರವೆನಿಸಬಹುದು. ಆದರೂ ಹೇಳಿಯೇ ಬಿಡುತ್ತೇನೆ. ಪ್ರಾಜೆಕ್ಟ್ ವರದಿಗಳಲ್ಲಿ ಈಗ ಆಂಟೆನಾಗಳಿಗಿಂತ ಆಂಟೆನಾದ ಬಣ್ಣದ ಚಿತ್ರಗಳೇ ಹೆಚ್ಚು. ಸಾಫ್ಟ್‌ವೇರ್ ಬರೆದುಕೊಟ್ಟ ಕೆಂಪು, ಹಳದಿ, ನೀಲಿಯ ಚಿತ್ರವೊಂದನ್ನು ಅಂಟಿಸಿದರೆ ಕೆಲಸ ಮುಗೀತು ಅಂತ ನಮ್ಮಲ್ಲಿ ಅನೇಕರ ಎಣಿಕೆ. ನನಗಿದು ಒಪ್ಪಿಗೆಯಿಲ್ಲ.

ಕಂಪ್ಯೂಟರ್ ಸುಳ್ಳು ಹೇಳುತ್ತದೆ ಎಂಬುದು ನನ್ನ ವಾದವಲ್ಲ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬರ್ಕ್ ಮತ್ತು ಪೊಜ್ಜಿಯೊ 1981ರಲ್ಲಿ ಹೊರತಂದ ಎನ್‌ಇಸಿ-2 ಎಂಬ ಪ್ರೋಗ್ರಾಮನ್ನು ಇವತ್ತಿಗೂ ಜನ ಬಳಸುತ್ತಾರೆ, ಪುಕ್ಕಟೆ ಸಿಗುತ್ತದೆ. ಅದು ಮಾಡೋದಿಷ್ಟು: ತಂತಿಯನ್ನು ಸಣ್ಣ ತುಂಡುಗಳಾಗಿ ಭಾಗಿಸಿ, ಒಂದೊಂದು ತುಂಡಿನ ಮೇಲೂ ಉಳಿದ ತುಂಡುಗಳ ಪ್ರಭಾವವನ್ನು ಲೆಕ್ಕ ಹಿಡಿದು, ಎಲ್ಲಿ ಎಷ್ಟು ಕರೆಂಟು ಹರಿಯುತ್ತದೆಂದು ಕಂಡುಕೊಳ್ಳುತ್ತದೆ. ಆಮೇಲೆ ಯಾವ ದಿಕ್ಕಿಗೆ ಎಷ್ಟು ಶಕ್ತಿ ಹೋಗುತ್ತದೆಂದು ಕೂಡಿಸಿ ಹೇಳುತ್ತದೆ. ಲೆಕ್ಕ ಸರಿಯೇ. ಆದರೆ ನಾವು ಕೇಳಿದ್ದಕ್ಕೆ ಮಾತ್ರ ಅದರ ಉತ್ತರ.

ಒಂದು ಉದಾಹರಣೆ ನೋಡಿ. ಎಫ್‌ಎಂ ರೇಡಿಯೋದ 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಮೀಟರ್. ಅದರರ್ಧ, ಅಂದರೆ ಸುಮಾರು ಒಂದೂವರೆ ಮೀಟರಿನ ಡೈಪೋಲ್ ತಂತಿ ನಮ್ಮದು. ನೆಲದ ವಿಚಾರ ತಿಳಿಸದೆ ಗುಂಡಿ ಒತ್ತಿದರೆ ಪರದೆಯ ಮೇಲೆ ಉದ್ದಿನ ವಡೆ ಮೂಡುತ್ತದೆ. ತಂತಿ ಅದರ ತೂತಿನಲ್ಲಿ. ಗೇನ್ 2.15 ಡಿಬಿಐ. ಅದೇ ತಂತಿಯನ್ನು, ಕರೆಂಟು ಚೆನ್ನಾಗಿ ಹರಿಯುವ ನೆಲದಿಂದ ಮುಕ್ಕಾಲು ಮೀಟರ್ ಮೇಲೆ ಅಡ್ಡಡ್ಡ ಇಟ್ಟರೆ, ಅತಿ ಹೆಚ್ಚು ಶಕ್ತಿ ನೆತ್ತಿಯ ನೇರಕ್ಕೆ ಹೋಗುತ್ತದೆ. ಒಂದೂವರೆ ಮೀಟರಿಗೆ ಏರಿಸಿದಿರೋ, ನೆತ್ತಿಯ ಕಡೆ ಸೊನ್ನೆ. 30 ಡಿಗ್ರಿ ಎತ್ತರದಲ್ಲಿ ಅತಿ ಹೆಚ್ಚು. ತಂತಿ ಒಂದೇ, ಚಿತ್ರ ಮೂರು! ಕಬ್ಬಿಣದ ಸಲಾಕೆ, ನೀರಿನ ಟಾಂಕಿ, ಪಕ್ಕದ ಕಟ್ಟಡ ಎಲ್ಲ ಇರುವ ನಮ್ಮ ಮುಂಬಯಿಯ ಟೆರೇಸಿಗೆ ಇವುಗಳಲ್ಲಿ ಯಾವುದು ಸರಿ? ವರದಿಯಲ್ಲಿ ವಡೆಯನ್ನು ಅಂಟಿಸಿದವರು ಉತ್ತರಿಸಬೇಕು.

ಹಾಗಾದರೆ ಏನು ಮಾಡೋಣ? ಗುಂಡಿ ಒತ್ತುವ ಮೊದಲು, ಚಿತ್ರ ಹೇಗೆ ಬರಬಹುದೆಂದು ಪೆನ್ಸಿಲಿನಲ್ಲಿ ಬರೆದಿಡೋಣ. ತುಂಡುಗಳು ಅಲೆಯ ಉದ್ದದ ಹತ್ತನೇ ಒಂದು ಭಾಗಕ್ಕಿಂತ, ಇಲ್ಲಿ 30 ಸೆಂಟಿಮೀಟರಿಗಿಂತ, ಚಿಕ್ಕದಾಗಿರಲಿ. ತುಂಡುಗಳನ್ನು ಇಮ್ಮಡಿ ಮಾಡಿದಾಗ ಉತ್ತರ ಬದಲಾದರೆ ಮೊದಲಿನದನ್ನು ನಂಬಬಾರದು. ನಷ್ಟವಿಲ್ಲದ ತಂತಿಗೆ, ನೆಲವಿಲ್ಲದ ಶೂನ್ಯದಲ್ಲಿ, ಎಲ್ಲ ದಿಕ್ಕುಗಳ ಸರಾಸರಿ ಗೇನ್ 1 ಬರಬೇಕು. 1.3 ಬಂತೋ, ಎಲ್ಲಿಂದಲೋ ಶಕ್ತಿ ಹುಟ್ಟಿತೆಂದು ಅರ್ಥ, ಅದು ಸಾಧ್ಯವೇ? ಕೊನೆಗೆ ಒಂದು ತಂತಿಯನ್ನಾದರೂ ಕಟ್ಟಿ, ತಿರುಗಿಸಿ, ಅಳೆದು ನೋಡೋಣ.

ಇನ್ನೂ ಒಂದು ಪರೀಕ್ಷೆಯಿದೆ, ಅದಕ್ಕೆ ಕಂಪ್ಯೂಟರೂ ಬೇಡ. “ವಡೆಗೆ ತೂತು ಯಾಕಯ್ಯಾ?” ಅಂತ ಸಂಘದ ಕಾಮರ್ಸ್ ಗೆಳೆಯ ಕೇಳಿದರೆ, ತಂತಿ ಚಾಚಿದ ದಿಕ್ಕಿಗೆ ಅದು ಅಲೆ ಕಳಿಸದು ಅಂತ ಕನ್ನಡದಲ್ಲೇ ಬಿಡಿಸಿ ಹೇಳಲು ಬರಬೇಕು. ಬರದಿದ್ದರೆ ಆ ಚಿತ್ರಕ್ಕೆ ಸಿಕ್ಕ ಮಾರ್ಕು ನಮ್ಮದೋ, ಸಾಫ್ಟ್‌ವೇರಿನದೋ? ಏನಂತೀರಿ?